ಹಿಮ ಎಸೆಯುವ ಮಿಷನ್

"ಎಂಜಿನ್ ಆಫ್ ಮಾಡ್ದೆ ಕೈ ಹಾಕ್ತೀಯೇನೋ, ದನ ಕಾಯೋನೆ! ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟವನಿಗೆ ಬುದ್ಧಿ ಎಲ್ಲಿಂದ ಬರ್ಬೇಕು?"

ಸಾಹುಕಾರರು ಹೀಗೆ ಬೈದದ್ದು ಸಂಕ್ರಾಂತಿ ಊಟಕ್ಕೆ ಬಂದಿದ್ದ ಕನ್ನಡ ಸಂಘದವರ ಎದುರಿಗೆ. ಎಲ್ಲರೂ ನಕ್ಕರು. ಕೆನಡಾದಲ್ಲಿರುವ ಅವರ ಹೋಟೆಲಿನಲ್ಲಿ ನಾನು ಅಡುಗೆಯವನು. ವಾಸ ಅವರ ಮನೆಯ ನೆಲಮಾಳಿಗೆಯಲ್ಲಿ, ಅಂಗಳದ ಹಿಮ ತೆಗೆಯುವುದೂ ನನ್ನದೇ ಕೆಲಸ. ಬ್ಲೇಡು ತಿರುಗಿಸಿ ಹಿಮ ಎಸೆಯುವ ಮಿಷನ್ನಿನ ಬಾಯಿ ಹಿಮ ತುಂಬಿ ಕಟ್ಟಿಕೊಂಡಿತ್ತು, ಬಿಡಿಸಲು ಕೈ ಚಾಚಿದ್ದೆ, ಅಷ್ಟೆ. ಅವಮಾನದಿಂದ ಮೈಯೆಲ್ಲ ಉರಿದುಹೋಯಿತು.

"ಬೇಜಾರ್ ಮಾಡ್ಕೋಬೇಡ ಕಣೋ," ಅಂದರು ಅವರ ಹೆಂಡತಿ. "ನಿನ್ನ ಬೆರಳು ಹೋಗುತ್ತಲ್ಲಾ ಅಂತ ಹೆದರಿ ಬೈದ್ರು. ನೀನೂ ಈ ಮನೆ ಮಗ ತಾನೆ?"

ಆ ಮಾತಿಗೆ ಕರಗಿಹೋದೆ. ನನ್ನ ಕೈಗೇನಾದರೂ ಆದೀತೆಂದು ಹೆದರಿದವರು ಅದುವರೆಗೆ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಮೊಣಕಾಲುದ್ದ ಹಿಮ ಬಿದ್ದಿತ್ತು. ಈ ಸಲ ನೋಡಲು ಸಂಘದವರು ಯಾರೂ ಇರಲಿಲ್ಲ. ಕಾಲೇಜಿಗೆ ಹೋಗುವ ಸಾಹುಕಾರರ ಮಗ ತಾನೇ ಮಿಷನ್ ಓಡಿಸುತ್ತೇನೆಂದು ಹಟ ಹಿಡಿದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅದರ ಬಾಯಿ ಕಟ್ಟಿತು. ಅವನು ಬಗ್ಗಿ ಕೈ ಹಾಕಲು ಹೋದ.

"ಎಂಜಿನ್ ಆಫ್ ಮಾಡು!" ಎಂದು ಕೂಗುತ್ತ ನಾನು ಓಡಿದೆ.

"ಆಫ್ ಮಾಡ್ಬೇಡ!" ಬಾಗಿಲಿನಿಂದ ಸಾಹುಕಾರರು ಕಿರುಚಿದರು. "ಈ ಚಳೀಲಿ ಮತ್ತೆ ಸ್ಟಾರ್ಟ್ ಆಗಲ್ಲ, ಹೋಟೆಲಿಗೆ ಲೇಟಾಗುತ್ತೆ. ಪುಟ್ಟಾ, ನೀನು ಕೈ ತೆಗಿ. ಅವನು ಹಾಕ್ತಾನೆ."

ನಾನು ಮಿಷನ್ನನ್ನು ದಾಟಿ ರಸ್ತೆಗಿಳಿದು ನಡೆದೆ.