ಹೊಂದದ ನಂಬರು

ಅಗಸೆ ಎಣ್ಣೆಯ ವಾಸನೆ ಬಂದರೆ ಪೂವಯ್ಯನಿಗೆ ಬಾಲ್ಯದ ಕೈಲ್‌ಮುಹೂರ್ತ ಹಬ್ಬ ನೆನಪಾಗುತ್ತಿತ್ತು. ಪೂಜೆಗಿಡಲು ಅಜ್ಜನ ಯುದ್ಧಕಾಲದ ರೈಫಲನ್ನು ಅವನೂ ತಮ್ಮನೂ ಆ ಎಣ್ಣೆ ಹಚ್ಚಿ ಒರೆಸುತ್ತಿದ್ದರು. ದೊಡ್ಡವರಾದ ಮೇಲೆ ಒಂದು ದಿನ ಆ ರೈಫಲಿನ ಗುಂಡಿಗೇ ತಮ್ಮ ಬಲಿಯಾದ. "ಕೈಜಾರಿ ಬಿತ್ತು, ತಾನಾಗೇ ಹಾರಿತು" ಎಂದ ಪೂವಯ್ಯನನ್ನು ಕೋರ್ಟೂ ನಂಬಲಿಲ್ಲ, ಅವ್ವನೂ ನಂಬಲಿಲ್ಲ. ಜೈಲಿನಿಂದ ಬಂದು ಆರು ವರ್ಷವಾದರೂ ಅವಳು ಮಗನಿಗೆ ಕೈಯಾರೆ ಬಡಿಸಿರಲಿಲ್ಲ.

ಇಂದು ಅದನ್ನು ಕೊಳ್ಳಲೆಂದು ಮ್ಯೂಸಿಯಮ್ಮಿನವರು ಬಂದು ರೈಫಲನ್ನು ಬಿಚ್ಚಿ ನೋಡಿದರು.

"ಮರ, ನಳಿಗೆ ಅಸಲಿ. ಗುಂಡು ಹಾರಿಸೋ ಬೋಲ್ಟ್ ಮಾತ್ರ ಬೇರೆ ಬಂದೂಕಿನದು, ನಂಬರ್ ಹೊಂದಲ್ಲ. ನಮಗೆ ಬೇಡಮ್ಮ."

ಖಾಲಿ ರೈಫಲನ್ನು ಜೋಡಿಸಿ, ಬೋಲ್ಟ್ ಎಳೆದು, ನೆಲಕ್ಕೆ ಮೆಲ್ಲಗೆ ಕುಟ್ಟಿದರು. ಟ್ರಿಗರ್ ಮುಟ್ಟದೆಯೇ ಅದು ಟಕ್ಕೆಂದಿತು.

"ನೋಡಿ, ಹೊಂದದ ಬೋಲ್ಟು, ಕಚ್ಚಿ ನಿಲ್ಲಲ್ಲ. ಗುಂಡಿದ್ದಿದ್ರೆ ಹಾರಿರೋದು."

"ಇನ್ನೊಂದ್ಸಲ ಕುಟ್ಟಪ್ಪ," ಎಂದಳು ಅವ್ವ.

ಮತ್ತೆ ಟಕ್ಕೆಂದಿತು.

ಅವಳು ಒಳಗೆ ಹೋಗಿ, ಬಿಸಿ ಕಡುಬಿನ ತಟ್ಟೆ ತಂದು, ಮಗನ ಕೈಗೆ ಕೊಟ್ಟಳು.