ಎದುರಿಗೆ ಕೂತ ಮನುಷ್ಯ

ಡ್ರಾಯಿಂಗ್ ಮಾಸ್ಟರ್ ಚೆನ್ನಕೇಶವ ಪೆನ್ಸಿಲ್ ಹಿಡಿದು ಬೀದಿಗಿಳಿದರೆ ಸಾಕು, ಊರಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಜಗಲಿಯ ಮೇಲಿನ ಹೆಂಗಸರು ಸೆರಗನ್ನು ಮುಖಕ್ಕೆಳೆದುಕೊಳ್ಳುತ್ತಿದ್ದರು. ಒಬ್ಬ ಗಂಡಸಂತೂ ಓಡಿಹೋಗಿ ಹುಣಸೆಮರದ ಹಿಂದೆ ನಿಂತ. ಮರ ಸಣ್ಣದು. ಹೊಟ್ಟೆ ಒಂದು ಕಡೆ ಕಾಣುತ್ತಿತ್ತು, ಬೆನ್ನು ಇನ್ನೊಂದು ಕಡೆ.

ಕೊಳತ್ತೂರಿನಿಂದ ಬರುವ ಬಸ್ಸು ಮುಂದೆ ದಾರಿಯಿಲ್ಲದೆ ತಿರುಗಿಕೊಂಡು ಹೋಗುವ ಊರು ಅದು. ಎಪ್ಪತ್ತೆರಡನೇ ಇಸವಿಯಲ್ಲಿ ಅಲ್ಲಿನ ಮಿಡ್ಲ್ ಸ್ಕೂಲಿಗೆ ಡ್ರಾಯಿಂಗ್ ಕಲಿಸಲು ಎಡಪ್ಪಾಡಿಯಿಂದ ಬಂದವನು ಚೆನ್ನಕೇಶವ. ಮಕ್ಕಳಿಂದ ಬದನೆಕಾಯಿ ಬರೆಸಿದ, ಚೊಂಬು ಬರೆಸಿದ, ಮತ್ತೆ ಬದನೆಕಾಯಿ ಬರೆಸಿದ. ಇನ್ಸ್‌ಪೆಕ್ಟರ್ ಬಂದು ಹಾಳೆಗಳನ್ನೆಲ್ಲ ತಿರುವಿ, ಇದು ಸ್ಕೂಲೋ ತರಕಾರಿ ಅಂಗಡಿಯೋ ಎಂದು ಕೇಳಿದರು. ಮುಂದಿನ ಸಲ ಬರುವಷ್ಟರಲ್ಲಿ ಮಕ್ಕಳು ಎದುರಿಗೆ ಕೂತ ಮನುಷ್ಯನನ್ನು ನೋಡಿ ಬರೆಯಬೇಕು, ಇಲ್ಲದಿದ್ದರೆ ಈ ಸ್ಕೂಲಿಗೆ ಡ್ರಾಯಿಂಗ್ ಮಾಸ್ಟರೇ ಬೇಡವೆಂದು ಮೇಲಕ್ಕೆ ಬರೆಯುತ್ತೇನೆ ಎಂದು ಹೇಳಿ ಹೋದರು.

ಕೂರುವ ಮನುಷ್ಯ ಎಲ್ಲಿ? ಮಕ್ಕಳನ್ನೇ ಕೂರಿಸಿದರೆ ಗಳಿಗೆಗೊಂದು ಕಡೆ ಕೆರೆದುಕೊಳ್ಳುತ್ತಿದ್ದರು. ತಾನೇ ಕೂತರೆ ಹಿಂದಿನ ಬೆಂಚಿನಲ್ಲಿ ಕುಸ್ತಿ ಶುರುವಾಗುತ್ತಿತ್ತು. ಕೊನೆಗೆ ಟೀ ಅಂಗಡಿಯ ಪೊನ್ನುಸ್ವಾಮಿಯನ್ನು ಕಾಡಿ ಬೇಡಿ ಕರೆತಂದು ಕೂರಿಸಿದ. ಮಕ್ಕಳು ಬರೆದರು. ಮಾರನೆಯ ದಿನವೇ ಪೊನ್ನುಸ್ವಾಮಿಗೆ ಜ್ವರ ಬಂತು.

ಅಲ್ಲಿಗೆ ಮುಗಿಯಿತು. ಬರೆಸಿಕೊಂಡರೆ ಆಯಸ್ಸು ಕರಗುತ್ತದೆ, ಒಂದೊಂದು ಚಿತ್ರವೂ ಒಂದಿಷ್ಟು ತಿನ್ನುತ್ತದೆ ಎಂದು ಊರು ತೀರ್ಮಾನಿಸಿತು. ಆ ಕಡೆಯ ಮನೆಗಳಲ್ಲಿ ಗೋಡೆ ಹತ್ತುವ ಪಟ ದೇವರದು, ಇಲ್ಲವೇ ಸತ್ತವರದು. ಹಾಗಾಗಿ ಮಾತು ಚೆನ್ನಾಗಿ ಅಂಟಿಕೊಂಡಿತು. ಪೊನ್ನುಸ್ವಾಮಿ ಎದ್ದು ಬಂದು ಮತ್ತೆ ಟೀ ಕಾಯಿಸಿದರೂ ಮಾತು ಮಾತ್ರ ಇಳಿಯಲಿಲ್ಲ. ಹೆಡ್‌ಮಾಸ್ಟರ್ ಕುಪ್ಪಸ್ವಾಮಿ ಕೂಡ ಕೂರಲು ಒಪ್ಪಲಿಲ್ಲ. ತನಗೆ ಇದರಲ್ಲೆಲ್ಲ ನಂಬಿಕೆ ಇಲ್ಲವೆಂದೂ, ಹೆಂಡತಿಗೆ ಇದೆಯೆಂದೂ, ತಾನು ಊಟ ಮಾಡುವುದು ಹೆಂಡತಿಯ ಕೈಯಲ್ಲೆಂದೂ ಹೇಳಿದರು.

ಹೀಗಿರುವಾಗ ಒಂದು ಬೆಳಿಗ್ಗೆ ಗೋವಿಂದಮ್ಮ ಎಂಬ ಹೆಂಗಸು ಸ್ಕೂಲಿಗೆ ಬಂದಳು. ಪಕ್ಕದಲ್ಲಿ ಅವಳ ಮಾವ ಸಿದ್ದಪ್ಪ, ಕುರಿ ಕಾಯುವ ಮುದುಕ. ಮೈಯಲ್ಲಿ ಮಾಂಸಕ್ಕಿಂತ ಮೂಳೆಯೇ ಹೆಚ್ಚು. ಆದರೆ ಸ್ನಾನವಾಗಿತ್ತು, ಕ್ಷೌರವಾಗಿತ್ತು, ತಲೆಗೆ ಹೊಸ ರುಮಾಲು ಸುತ್ತಿತ್ತು.

"ನಮ್ ಮಾವನ್ನ ಬರ್ಸಿ ವಾತ್ಯಾರೇ," ಎಂದಳು. "ಕುರಿ ನಾ ನೋಡ್ಕಂತೀನಿ."

ಚೆನ್ನಕೇಶವ ಓಡಿಹೋಗಿ ತನ್ನ ಕುರ್ಚಿಯನ್ನೇ ತಂದು ಮುದುಕನಿಗೆ ಹಾಕಿದ.

"ಎಲ್ಲಾ ಮಕ್ಳೂ ಬರೀತಾವಾ? ಇಂದ್ಗಡೆ ಕುಂತಿರೋವೂ?"

"ಎಲ್ಲಾರೂ ಬರೀತಾರಮ್ಮ."

"ಬರೀ ಮೊಕ ಸಾಲ್ದು. ಕಾಲ್ ತನ್ಕ ಪೂರಾ ಬರೀಲಿ."

ಅಂದಿನಿಂದ ಸಿದ್ದಪ್ಪ ದಿನವೂ ಬಂದ. ಕೂತರೆ ಕಲ್ಲು. ನೊಣ ಮೂಗಿನ ಮೇಲೆ ಕೂತರೂ ರೆಪ್ಪೆ ಅಲುಗುತ್ತಿರಲಿಲ್ಲ. ಮಧ್ಯಾಹ್ನ ಗೋವಿಂದಮ್ಮ ಮಜ್ಜಿಗೆ ತರುತ್ತಿದ್ದಳು. ಬರೆದ ಹಾಳೆಗಳ ಕಂತೆಯನ್ನು ಕಣ್ಣಲ್ಲೇ ತೂಗಿ, ಇಷ್ಟೇನಾ ಎಂದು ಕೇಳುತ್ತಿದ್ದಳು. ಪೇಪರ್ ಮುಗಿದಾಗ ಕೊಳತ್ತೂರಿನಿಂದ ತಾನೇ ತರಿಸಿಕೊಟ್ಟಳು.

ಮಕ್ಕಳ ಕೈ ಪಳಗಿತು. ಒಮ್ಮೆ ಮಾತ್ರ ಚೆನ್ನಕೇಶವ ವಳ್ಳಿಯಮ್ಮ ಎಂಬ ಹುಡುಗಿಯನ್ನು ಗದರಿದ. ಅವಳು ಬರೆದ ಸಿದ್ದಪ್ಪನಿಗೆ ಕೆನ್ನೆ ತುಂಬಿಕೊಂಡಿತ್ತು.

"ಕಂಡಿದ್ದನ್ನ ಬರಿ ಅಂತ ಎಷ್ಟು ಸಲ ಹೇಳ್ಬೇಕು?"

"ಕಂಡಿದ್ದೇ ಸಾರ್ ಬರ್ದಿರೋದು."

ಅವನು ತಲೆಯೆತ್ತಿ ಮುದುಕನನ್ನು ನೋಡಿದ. ಅಳಿಸಲೆಂದು ಹುಡುಗಿಗೆ ಕೊಟ್ಟಿದ್ದ ರಬ್ಬರನ್ನು ವಾಪಸ್ ತೆಗೆದುಕೊಂಡ.

ಇನ್ಸ್‌ಪೆಕ್ಟರ್ ಬರುವ ಹಿಂದಿನ ದಿನ ಅವನು ಹೆಡ್‌ಮಾಸ್ಟರ ಮುಂದೆ ಗೋವಿಂದಮ್ಮನನ್ನು ಹೊಗಳಿದ. ಅಕ್ಷರ ಬಾರದ ಹೆಂಗಸಿಗೆ ಕಲೆಯ ಮೇಲೆ ಎಂಥ ಪ್ರೀತಿ ಎಂದ. ಕುಪ್ಪಸ್ವಾಮಿ ಕುಡಿಯುತ್ತಿದ್ದ ಟೀ ಮೂಗಿಗೆ ಏರಿತು. ಕೆಮ್ಮಿ, ಕಣ್ಣೊರೆಸಿಕೊಂಡು, ಬಿಡಿಸಿ ಹೇಳಿದರು. ಹೊಲ, ಕುರಿಮಂದೆ, ಮನೆ ಎಲ್ಲ ಮುದುಕನ ಹೆಸರಿನಲ್ಲಿದೆ. ಮುದುಕ ಹೋಗುವ ಲಕ್ಷಣವಿಲ್ಲ. ಅವಳು ಅವನನ್ನು ಕಳಿಸುತ್ತಿರುವುದು ಚಿತ್ರ ಚೆನ್ನಾಗಿ ಬರಲಿ ಎಂದಲ್ಲ. ಬೇಗ ಬೇಗ ಬರಲಿ, ರಾಶಿ ರಾಶಿ ಬರಲಿ ಎಂದು.

"ಇಷ್ಟು ದಿನ ಅವಳ ಕೈಯಲ್ಲಾಗದ್ದನ್ನ ನೀವು ಕ್ಲಾಸ್ ಇಟ್ಟು ಮಾಡ್ತಿದ್ದೀರಲ್ಲ," ಎಂದರು.

ಚೆನ್ನಕೇಶವನಿಗೆ ಆಯಸ್ಸಿನ ಕತೆಯಲ್ಲಿ ನಂಬಿಕೆ ಇರಲಿಲ್ಲ. ಆದರೆ ಮುದುಕನಿಗೆ ಇದ್ದರೆ? ಸೊಸೆಯ ಮಾತು ಮೀರಲಾಗದೆ, ದಿನವೂ ತನ್ನ ಸಾವಿಗೇ ಸ್ನಾನ ಮಾಡಿಕೊಂಡು ಬಂದು ಕೂರುತ್ತಿದ್ದರೆ? ಕಲ್ಲಿನಂತೆ ಕೂತದ್ದು ಶಿಸ್ತಲ್ಲ, ಹೆದರಿಕೆಯಾಗಿದ್ದರೆ? ಸಂಜೆಯವರೆಗೂ ಒದ್ದಾಡಿದ. ಕೆಲಸ ಹೋದರೆ ಹೋಗಲಿ, ನಾಳೆ ಬದನೆಕಾಯಿಯನ್ನೇ ಕೂರಿಸುವುದು ಎಂದು ತೀರ್ಮಾನಿಸಿ ಸಿದ್ದಪ್ಪನ ಮನೆಗೆ ನಡೆದ.

ಗೋವಿಂದಮ್ಮ ಬಾವಿಗೆ ಹೋಗಿದ್ದಳು. ಮುದುಕ ಜಗಲಿಯಲ್ಲಿ ಕೂತು ಕೋಳಿ ಕಾಲು ಕಡಿಯುತ್ತಿದ್ದ.

"ನಾಳೆ ಬರ್ಬೇಡಿ ತಾತಾ," ಎಂದ ಚೆನ್ನಕೇಶವ. ಸೊಸೆಯ ಮನಸ್ಸಿನಲ್ಲಿ ಇರುವುದನ್ನು ತಡವರಿಸುತ್ತ ಹೇಳಿ ಮುಗಿಸಿದ.

ಸಿದ್ದಪ್ಪ ಮೂಳೆಯನ್ನು ಚೀಪಿ ಬದಿಗಿಟ್ಟ.

"ಗೊತ್ತು. ಮೊದ್ಲೆಲ್ಲ ತಂಗಳು ಆಕ್ತಿದ್ಲು, ಬಿಸ್ಲಲ್ಲಿ ಕುರಿ ಇಂದೆ ಓಡಿಸ್ತಿದ್ಲು. ಈವಾಗ ಮಂಡಿ ನೋಯ್ತೈತೆ, ಸ್ಕೂಲ್ಗೆ ಓಗಾಕಿಲ್ಲ ಅಂದ್ರೆ ಸಾಕು, ಕೋಳಿ ಕುಯ್ತಾಳೆ. ನಾಳೆ ಬತ್ತೀನಿ ಬುಡಿ. ನಿಮ್ ಕೆಲ್ಸಾನೂ ಉಳೀಲಿ."

"ಆದ್ರೆ ಊರೋರು ಹೇಳೋ ಮಾತಿಗೆ ನಿಮಗೆ ಹೆದರಿಕೆ ಇಲ್ವಾ ತಾತಾ?"

ಮುದುಕ ಬಾವಿಯ ದಾರಿಯನ್ನೊಮ್ಮೆ ನೋಡಿ ದನಿ ತಗ್ಗಿಸಿದ.

"ಪೊನ್ನುಸ್ವಾಮಿಗೆ ಜ್ವರ ಬಂದ ದಿವ್ಸ, ಮುಚ್ಚಿದ್ ಟೀ ಅಂಗ್ಡಿ ಮುಂದೆ ಕುಂತು ಆ ಮಾತ್ನ ಊರಿಗೆ ಬುಟ್ಟೋನೇ ನಾನು."