ರೀ ಇಲ್ಲದ ಭಾಷೆ

ಶನಿವಾರ ಮಧ್ಯಾಹ್ನ ಮೂರು ಗಂಟೆ. ಘೋರಕರ ಭಾಷೆ ಸೋರಿಹೋಗಿತ್ತು.

ಇಚಲಕರಂಜಿಯ ತನ್ನ ಮನೆಯ ಮಾಳಿಗೆಯಲ್ಲಿ ಸಮ್ಮೇದ ಮೊಬೈಲನ್ನು ಮೇಜಿನ ನಡುವೆ ಇಟ್ಟು ಆ ವಿಡಿಯೊ ಮತ್ತೊಮ್ಮೆ ಹಾಕಿದ. ಓಣಿಯ ಮಗ್ಗಗಳ ಸದ್ದು ಕಿಟಕಿಯಿಂದ ಒಳಗೆ ಬರುತ್ತಿತ್ತು. ಎದುರಿಗೆ ಅವನ ತಂಡದ ಇಬ್ಬರು, ಮಯೂರಿ ಮತ್ತು ರುತುಜಾ. ವಿಡಿಯೊದಲ್ಲಿ ಜಯಸಿಂಗಪುರ ತಂಡದ ನಾಯಕ ವಿಶಾಲ ದಾಳ ಉರುಳಿಸುತ್ತ ಅಭ್ಯಾಸ ಮಾಡುತ್ತಿದ್ದ.

"ತಾಡ್ ಗ್ರುಕ್ ರೀ. ಖುರ್ ಮಾಗ್ ರೀ."

ಮೊದಲನೆಯದರ ಅರ್ಥ 'ಸೇತುವೆಯ ಮೇಲೆ ಹೊಡೆ'. ಎರಡನೆಯದರ ಅರ್ಥ 'ತೊಲಗು, ತಲೆಗೇಡಿ'.

"ಅಯ್ಯಾ, ಶಿವ್ಯಾ ಪಣ ಆದರಾನೆ!" ರುತುಜಾ ಮರಾಠಿಯಲ್ಲಿ ಅಂದು ಕಿಸಕ್ಕನೆ ನಕ್ಕಳು. ಬೈಗುಳಕ್ಕೂ 'ರೀ' ಅಂಟಿಸಿ ಮರ್ಯಾದೆ ಕೊಟ್ಟಿದ್ದರು.

ಸಮ್ಮೇದ ನಗಲಿಲ್ಲ. ಘೋರಕರು ಅವನು ಕಟ್ಟಿದ ಆಟದ ಲೋಕದ ಕೆಸರುರಾಕ್ಷಸರು. ಅವರ ಭಾಷೆಯ ಪ್ರತಿ ಪದವೂ ಅವನದೇ. ಆ ಭಾಷೆಯಲ್ಲಿ ಬಹುವಚನದ ಗೌರವವಿಲ್ಲ, 'ದಯವಿಟ್ಟು' ಇಲ್ಲ, ಕ್ಷಮೆ ಕೇಳಲು ಪದವಿಲ್ಲ. ಮುಂದಿನ ಭಾನುವಾರ ಕೊಲ್ಹಾಪುರದಲ್ಲಿ ಅಂತಿಮ ಪಂದ್ಯ. ಗೆದ್ದವರ ಲೋಕವನ್ನು ಪುಣೆಯ ಪ್ರಕಾಶಕರೊಬ್ಬರು ಆಟದ ಪೆಟ್ಟಿಗೆಯಾಗಿ ಹೊರತರುವವರಿದ್ದರು, ಕಟ್ಟಿದವನ ಹೆಸರಿನೊಂದಿಗೆ. ಎದುರಾಳಿಯ ಮುಂದೆಯೇ ಘೋರಕ ಭಾಷೆಯಲ್ಲಿ ಸಂಚು ಹೂಡುವುದು ಸಮ್ಮೇದನ ತಂಡದ ಒಂದೇ ಬಲ. ಎದುರಾಳಿಗೆ ಅದು ತಿಳಿದರೆ ಕಥೆ ಮುಗಿಯಿತು.

"ಈ ರೀ ಯಾರ ಬಾಯಾಗಿಂದ ಹೋಗೇತಿ?" ಎಂದ ಸಮ್ಮೇದ. "ರುತುಜಾನ ಮನ್ಯಾಗ ಮರಾಠಿ. ಕನ್ನಡದ ಮನಿ ಯಾವುದು ಮಯೂರಿ?"

"ನಿಂದೂ ಕನ್ನಡಾನಽ."

"ನನ್ನ ಭಾಷಾ ನಾನಽ ಕದ್ದು ಕೊಡಲೇನ?"

ಮಯೂರಿ ಗಡಹಿಂಗ್ಲಜದ ಹತ್ತಿರದ ಹಳ್ಳಿಯವಳು, ಕುರಿ ಸಾಕುವವರ ಮಗಳು. ಅವಳು ಕುರ್ಚಿ ಹಿಂದೆ ಸರಿಸಿದಳು. "ನಮ್ಮ ಮನ್ಯಾಗ ರೀ ಅನ್ನವರಽ ಇಲ್ಲೊ. ನಮ್ಮಪ್ಪಗ ನಾ 'ನೀ' ಅಂತೀನಿ. ಬ್ಯಾಂಕಿನ ಸಾಹೇಬಗೂ ಒಮ್ಮೆ 'ಬಾ ಇಲ್ಲಿ' ಅಂದು ಬೈಸ್ಕೊಂಡೇನಿ. ರೀ ಅನ್ನೂದು ನಿಮ್ಮಂಥವರ ಮನಿ ರೂಢಿ."

"ನಾಟಕಾ ಸಾಕು."

ಆಗ ಸಮ್ಮೇದನ ಹೆಂಡತಿ ರುಪಾಲಿ ಮೆಟ್ಟಿಲೇರಿ ಬಂದಳು. ಶಾಲೆಯಿಂದ ಆಗಷ್ಟೇ ಮರಳಿದ್ದಳು, ಬೆರಳಿಗೆ ನೀಲಿ ಬಣ್ಣ ಹತ್ತಿತ್ತು. "ಚಾ ತಗೋರಿ," ಎಂದು ಟ್ರೇ ಇಟ್ಟಳು. ಸಮ್ಮೇದ ತಲೆಯೆತ್ತದೆ "ಖುರ್ ಮಾಗ್" ಅಂದ. ರುತುಜಾಳಿಗೆ ಮತ್ತೆ ನಗು ಬಂತು. ದಿನವೂ ಬಳಸದ ಭಾಷೆಗೆ ತುಕ್ಕು ಹಿಡಿಯುತ್ತದೆ ಎನ್ನುವುದು ಅವನ ವಾದ. ಊಟದ ತಾಟಿನ ಮುಂದೆಯೂ ಬಚ್ಚಲಿನೊಳಗೂ ಅವನು ಅದನ್ನೇ ಆಡುತ್ತಿದ್ದ. ರುಪಾಲಿ ಇಳಿದು ಹೋದಳು.

"ಹೇಳಿಬಿಡು," ಎಂದ ಸಮ್ಮೇದ. "ವಿಶಾಲ ನಿನಗ ಏನ ಕೊಟ್ಟಾನ?"

ಮಯೂರಿ ಚಹಾ ಮುಟ್ಟಲಿಲ್ಲ. ಚೀಲ ಹೆಗಲಿಗೇರಿಸಿದಳು. "ಏನೂ ಕೊಟ್ಟಿಲ್ಲ. ನಿನ್ನ ಭಾಷಾದಾಗ ಬೈಗಳ ಬಿಟ್ರ ಏನೈತಿ ಅಂತ ಕದಿಯೂದು? ಇನ್ನ ಮ್ಯಾಲೆ ನನಗ ಫೋನ್ ಮಾಡಬ್ಯಾಡ."

"ಮಾಡೂದಿಲ್ಲ. ಇನ್ನ ನೀ ತಂಡದಾಗಽ ಇಲ್ಲ."

ಅವಳ ಸ್ಕೂಟಿಯ ಸದ್ದು ಮಗ್ಗಗಳ ಸದ್ದಿನಲ್ಲಿ ಕರಗಿತು.

ಸಮ್ಮೇದ ಅಷ್ಟಕ್ಕೇ ಸುಮ್ಮನಾಗುವವನಲ್ಲ. ಸೋರಿಹೋದ ಅರ್ಥಗಳನ್ನೇ ವಿಶಾಲನಿಗೆ ಬಲೆಯಾಗಿ ಒಡ್ಡಬೇಕೆಂದು ನಿಶ್ಚಯಿಸಿದ. ಪದಗಳು ಹಳೆಯವೇ, ಅರ್ಥ ಮಾತ್ರ ಹೊಸದು. 'ತಾಡ್ ಗ್ರುಕ್' ಅಂದರೆ ಇನ್ನು ಮುಂದೆ 'ಸೇತುವೆ ಬಿಡು, ಕೋಟೆಗೆ ನುಗ್ಗು'. ಇದನ್ನು ಅವನು ರುತುಜಾಳೊಬ್ಬಳಿಗೇ ಹೇಳಿದ. ಪ್ರತಿ ಸಂಜೆ ಪಡಸಾಲೆಯಲ್ಲಿ ಅತ್ತಿತ್ತ ಓಡಾಡುತ್ತ ಫೋನಿನಲ್ಲಿ ಅವಳಿಗೆ ಗಟ್ಟಿಯಾಗಿ ಬಾಯಿಪಾಠ ಮಾಡಿಸಿದ.

ಭಾನುವಾರ ಕೊಲ್ಹಾಪುರದ ಸಭಾಗೃಹ ತುಂಬಿತ್ತು. ಆಟ ಕಟ್ಟಕಡೆಯ ಸರದಿಗೆ ಬಂತು. ಸಮ್ಮೇದ ಎಲ್ಲರಿಗೂ ಕೇಳುವಂತೆ ಕೂಗಿದ:

"ತಾಡ್ ಗ್ರುಕ್!"

ಹಳೆಯ ಅರ್ಥ ನಂಬಿದವನು ಸೇತುವೆ ಕಾಯಲು ಓಡಬೇಕಿತ್ತು. ವಿಶಾಲ ಸೇತುವೆಯ ಕಡೆ ನೋಡಲೂ ಇಲ್ಲ. ತನ್ನ ಆಳುಗಳನ್ನೆಲ್ಲ ಕೋಟೆಯ ಬಾಗಿಲಿಗೆ ತಂದು ನಿಲ್ಲಿಸಿದ. ರುತುಜಾಳ ಘೋರಕರು ಅದೇ ಬಾಗಿಲಿಗೆ ನುಗ್ಗಿ ಒಬ್ಬರೂ ಉಳಿಯದಂತೆ ಸತ್ತರು.

ಸಮ್ಮೇದ ರುತುಜಾಳ ಕಡೆ ತಿರುಗಿದ.

"ನನ್ನ ಕಡೆ ಯಾಕ ಹಂಗ ನೋಡ್ತಿ? ಮೀ ನಾಹೀ, ನಾ ಅಲ್ಲ!" ಅವಳು ಎದ್ದೇ ನಿಂತಳು. "ಆವತ್ತ ಮಯೂರಿ, ಇವತ್ತ ನಾನೇನು? ನಾಳೆ ಯಾರು?"

ಅವಳು ಹೊರಟುಹೋದಳು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಸಮ್ಮೇದ ಬಾಗಿಲ ಬಳಿ ವಿಶಾಲನ ತೋಳು ಹಿಡಿದ.

"ಮಯೂರಿ ಕಲಿಸಿದ್ದು ಹಳೇದು. ಹೊಸಾದು ಯಾರು ಹೇಳಿದ್ರು?"

"ಮಯೂರಿ ಯಾರ್ರಿ?" ವಿಶಾಲ ತೋಳು ಬಿಡಿಸಿಕೊಂಡ. "ನಾ ಸಾಲಿ ಮಾಸ್ತರ. ನಮ್ಮ ಜಯಸಿಂಗಪುರದ ಸಾಲ್ಯಾಗ ಡ್ರಾಯಿಂಗ್ ಟೀಚರ್ ಒಬ್ರು ಅದಾರ, ಹಳೇದೂ ಹೊಸಾದೂ ಎಲ್ಲಾ ಅವರಽ ಹೇಳಿಕೊಟ್ಟದ್ದು. ಮದುವ್ಯಾದಾಗಿಂದ ಗಂಡ ಅವರ ಕೂಡ ಇದೊಂದಽ ಭಾಷಾದಾಗ ಮಾತಾಡ್ತಾನಂತ. ಮನಸಿನ್ಯಾಗ ಅವಗ ತಿರುಗಿ ಬೈಯೂ ಮುಂದೂ ಅವರು ರೀ ಬಿಡೂದಿಲ್ಲಂತ. ಅದು ನಮಗೂ ಹತ್ತಿಬಿಡ್ತು ನೋಡ್ರಿ. ಟೀಚರ್ ನಿಮಗೂ ಗುರುತಿನವರಽ ಅದಾರ."

ಸಂಜೆ ಸಮ್ಮೇದ ಇಚಲಕರಂಜಿ ಮುಟ್ಟಿದಾಗ ಮನೆಗೆ ಬೀಗ ಹಾಕಿತ್ತು.